ಹೆಸರಿನೊಳಗಿನ ಹಾಲು

ರಂಜಾನ್ ಹಬ್ಬದ ದಿನ ಎದುರುಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಶೀರ್ ಖುರ್ಮಾ ತಂದುಕೊಡುವ ಹುಡುಗಿಯ ಹೆಸರನ್ನು ನಾನು ಬಹಳ ಕಾಲ ‘ಶಿರಿನ್’ ಎಂದೇ ಬರೆಯುತ್ತಿದ್ದೆ. ಉರ್ದು ಚೆನ್ನಾಗಿ ಓದಿಕೊಂಡಿದ್ದ ಅವಳ ಅಜ್ಜಿ ಒಮ್ಮೆ ಅದನ್ನು ನೋಡಿ, “ಎರಡು ಕಡೆಯೂ ದೀರ್ಘ ಹಾಕಿ, ಡಬ್ಬಿಯಲ್ಲಿರುವ ಶೀರೇ ಅವಳ ಹೆಸರಲ್ಲೂ ಇರುವುದು” ಎಂದರು. ಶೀರ್ ಎಂದರೆ ಹಾಲು. ದೀರ್ಘ ತಪ್ಪಿದರೆ ಕನ್ನಡದಲ್ಲಿ ಹಾಲು ಹೋಗಿ ತಲೆ ಬರುತ್ತದೆಂಬುದು ನನಗೆ ಆಗ ಹೊಳೆಯಿತು.

ಪರ್ಷಿಯನ್ನಿನಲ್ಲಿ ಶೀರೀನ್ ಎಂದರೆ ಸಿಹಿ. ಶೀರ್ ಎಂಬುದಕ್ಕೆ ಪ್ರತ್ಯಯ ಸೇರಿ ಆದ ಈ ಪದಕ್ಕೆ ಮೂಲದಲ್ಲಿ ‘ಹಾಲಿನಂಥದ್ದು’ ಎಂಬ ಅರ್ಥ. ಅವರ ಶೀರ್ ನಮ್ಮ ‘ಕ್ಷೀರ’ದ ಒಡಹುಟ್ಟು. ಸಂಸ್ಕೃತದಲ್ಲಿ ‘ಕ್ಷ’ ಇರುವ ಎಷ್ಟೋ ಕಡೆ ಪರ್ಷಿಯನ್ನಿನಲ್ಲಿ ‘ಶ’ ಉಳಿದಿದೆ: ರಾತ್ರಿಯೆಂಬ ಅರ್ಥದ ‘ಕ್ಷಪಾ’ ಅಲ್ಲಿ ‘ಶಬ್’ ಆಗಿದ್ದು, ಶಬ್ನಮ್ ಎಂಬ ಇನ್ನೊಂದು ಹೆಣ್ಣುಹೆಸರು ‘ರಾತ್ರಿಯ ತೇವ’, ಅಂದರೆ ಇಬ್ಬನಿ. ಇಂದಿನ ಇರಾನಿನಲ್ಲಿ ಹಾಲಿಗೂ ಸಿಂಹಕ್ಕೂ ನೀರಿನ ನಲ್ಲಿಗೂ ಶೀರ್ ಎಂದೇ ಹೇಳುತ್ತಾರೆ. ಅಡುಗೆಮನೆಯಲ್ಲಿ ಅವರು ಹೇಗೆ ನಿಭಾಯಿಸುತ್ತಾರೋ! ಉಪ್ಪಿಲ್ಲದ ನೀರು ಅವರಿಗೆ ‘ಆಬೆ ಶೀರೀನ್’, ನಮಗೆ ಸಿಹಿನೀರು. ಮದುವೆ ನಿಶ್ಚಯದ ಶಾಸ್ತ್ರಕ್ಕೆ ಅಲ್ಲಿ ‘ಶೀರೀನಿ ಖೋರಾನ್’, ಸಿಹಿ ತಿನ್ನುವುದು, ಎಂಬ ಹೆಸರಿದೆ. ನಾವೂ ಮಾತು ಕುದುರಿದೊಡನೆ ಬಾಯಿ ಸಿಹಿ ಮಾಡಿಕೊಳ್ಳುವವರೇ.

ಆದರೆ ಇರಾನಿನಲ್ಲಿ ಈ ಹೆಸರು ಕೇಳಿದೊಡನೆ ನೆನಪಾಗುವವಳು ಒಬ್ಬ ರಾಣಿ. 590ರಿಂದ 628ರವರೆಗೆ ಇರಾನನ್ನು ಆಳಿದ ಸಸಾನಿ ವಂಶದ ದೊರೆ ಎರಡನೆಯ ಖುಸ್ರೋನ ಪತ್ನಿ ಶೀರೀನ್ ಕ್ರೈಸ್ತಳು. ಫಿರ್ದೌಸಿಯ ಪರ್ಷಿಯನ್ ಮಹಾಕಾವ್ಯ ‘ಶಾಹನಾಮೆ’ಯಲ್ಲಿಯೂ ಇರುವ ಆಕೆಯನ್ನು ಪ್ರೇಮಕಾವ್ಯದ ನಾಯಕಿಯಾಗಿ ನೆಲೆಗೊಳಿಸಿದವನು 12ನೆಯ ಶತಮಾನದಲ್ಲಿ ಗಂಜಾ ಪಟ್ಟಣದಲ್ಲಿದ್ದ ಕವಿ ನಿಜಾಮಿ. ಅವನ ಕಾವ್ಯದಲ್ಲಿ ಅರಮನೆಯ ಶೀರೀನಳಿಗೆ ಹಾಲೆಂದರೆ ಬಲು ಇಷ್ಟ, ಹಿಂಡು ಮೇಯುವ ಜಾಗವೋ ದೂರ. ಕಲ್ಲುಕುಟಿಗ ಫರ್ಹಾದನನ್ನು ಕರೆಸಿದಾಗ ಅವನು ಬಂಡೆ ಕಡಿದು, ಕಲ್ಲಿಗೆ ಕಲ್ಲು ಹೊಂದಿಸಿ ಕಾಲುವೆ ಮಾಡುತ್ತಾನೆ, ಅಲ್ಲಿ ಕರೆದ ಹಾಲು ಇಲ್ಲಿಯ ಕೊಳಕ್ಕೆ ಹರಿದು ಬರುತ್ತದೆ. ಹೆಸರಿನಲ್ಲಿ ಅಡಗಿದ್ದ ಹಾಲನ್ನು ನಿಜಾಮಿ ಹೀಗೆ ಬಂಡೆಯ ಮೇಲೆ ಹರಿಸಿಬಿಟ್ಟಿದ್ದಾನೆ. ಫರ್ಹಾದ್ ಶೀರೀನಳಿಗೆ ಮನಸೋತದ್ದರಿಂದ ಮತ್ಸರಗೊಂಡ ಖುಸ್ರೋ ಬೀಸುತೂನ್ ಬೆಟ್ಟವನ್ನೇ ಕಡಿಯಲು ಅವನಿಗೆ ಒಪ್ಪಿಸಿ, ಕೆಲಸ ಮುಗಿಯುವ ಲಕ್ಷಣ ಕಂಡಾಗ ಶೀರೀನ್ ಸತ್ತಳೆಂಬ ಸುಳ್ಳು ಸುದ್ದಿ ಕಳಿಸುತ್ತಾನೆ. ಅದನ್ನು ಕೇಳಿ ಫರ್ಹಾದ್ ಪ್ರಾಣ ಬಿಡುತ್ತಾನೆ. ಕೆರ್ಮಾನ್‌ಶಾಹ್ ಸಮೀಪದ ಆ ಬೆಟ್ಟದಲ್ಲಿ ನುಣುಪಾಗಿ ಕಡಿದ ವಿಶಾಲವಾದ ಬಂಡೆಮುಖವೊಂದನ್ನು ಜನ ಇಂದಿಗೂ ‘ಫರ್ಹಾದ್ ತರಾಶ್’, ಫರ್ಹಾದ್ ಕೆತ್ತಿದ್ದು, ಎನ್ನುತ್ತಾರೆ.

ಫರ್ಹಾದನಿಗಾಗಿ ಮರುಗುವ ಭರದಲ್ಲಿ ಶೀರೀನಳನ್ನು ನಾವು ಬರಿಯ ಸಕ್ಕರೆಗೊಂಬೆ ಮಾಡಿಬಿಡುತ್ತೇವೆಂದು ನನಗೆ ಅನ್ನಿಸುತ್ತದೆ. ಚಿತ್ರಪಟ ನೋಡಿ ಮೆಚ್ಚಿದ ದೊರೆಯನ್ನು ಹುಡುಕಿಕೊಂಡು, ಶಬ್‌ದೀಜ್ ಎಂಬ ಇರುಳುಬಣ್ಣದ ಕುದುರೆಯೇರಿ ಒಬ್ಬಳೇ ಹೊರಟವಳು ಆಕೆ. ಮದುವೆಯಾಗದೆ ಹತ್ತಿರ ಸುಳಿಯಬೇಡವೆಂದು ಅದೇ ದೊರೆಗೆ ಖಂಡತುಂಡವಾಗಿ ಹೇಳಿದವಳೂ ಆಕೆಯೇ. 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇರಾನಿನ ನ್ಯಾಯವಾದಿ ಶೀರೀನ್ ಇಬಾದಿಯವರಿಗೆ ಈ ಹೆಸರು ಒಪ್ಪುವುದು ಸಿಹಿಯಿಂದಲ್ಲ, ಈ ಗಟ್ಟಿತನದಿಂದ.

ಫರ್ಹಾದನ ಕಾಲುವೆ ಉರ್ದುವಿನಲ್ಲಿ ನುಡಿಗಟ್ಟಾಗಿದೆ: ‘ಜೂ-ಎ-ಶೀರ್ ಲಾನಾ’, ಹಾಲಿನ ಹೊಳೆ ತರುವುದು, ಎಂದರೆ ಆಗದ ಕೆಲಸವನ್ನು ಮಾಡುವುದು. ಹಾಲಿನ ಪ್ಯಾಕೆಟ್ಟಿಗೆಂದು ಹೋದ ಶೀರೀನಳ ತಮ್ಮ ಮೊನ್ನೆ ಬೀದಿಯ ಕ್ರಿಕೆಟ್ ಮುಗಿಸಿಕೊಂಡು ಒಂದು ಗಂಟೆ ತಡವಾಗಿ ಬಂದಾಗ, ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೇಳಿದ್ದು ಅದನ್ನೇ: “ಏನಪ್ಪಾ, ಜೂ-ಎ-ಶೀರ್ ತರುವುದಕ್ಕೆ ಹೋಗಿದ್ದೆಯಾ?”