ಕೋಡಿಗೂ ಕೈಪಿಡಿಗೂ ಒಂದೇ ಲೈಸೆನ್ಸ್ ಸಾಕೇ?

ಪರ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟುಗಳಲ್ಲೇ ಹೇಳುವುದು. ಹೂಮಳೆ ಬಿದ್ದ ಮಾರನೇ ಬೆಳಿಗ್ಗೆ "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತ ತೋಟದಿಂದ ತೋಟಕ್ಕೆ ಫೋನು. ಆ ಲೆಕ್ಕ ಬರೆದಿಡಲು ಪುಟ್ಟ ತಂತ್ರಾಂಶವೊಂದನ್ನು ಮಾಡಿ ಜಿಪಿಎಲ್ ಅಡಿ ಬಿಟ್ಟಿದ್ದೇನೆ: ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲಿ, ತಿದ್ದಿ ಹಂಚಿದ್ದೂ ಅದೇ ಲೈಸೆನ್ಸಿನಲ್ಲಿರಲಿ ಎನ್ನುವ ಸ್ವತಂತ್ರ ತಂತ್ರಾಂಶದ ಲೈಸೆನ್ಸ್ ಅದು. ಕೋಡಿನ ನಡುವೆ ಒಂದು ಟಿಪ್ಪಣಿ: "100 ಸೆಂಟ್ ಅಂದರೆ 1 ಇಂಚು, 25.4 ಮಿ.ಮೀ." ಸಹಾಯದ ಪರದೆ ಅದನ್ನೇ ಎತ್ತಿ ತೋರಿಸುತ್ತದೆ. ಕೈಪಿಡಿಯಲ್ಲೂ ಅದೇ ಸಾಲು. ಇದರಲ್ಲಿ ಕೋಡು ಎಲ್ಲಿ ಮುಗಿಯಿತು, ಕೈಪಿಡಿ ಎಲ್ಲಿ ಶುರುವಾಯಿತು?

ಜಿಪಿಎಲ್ ರೂಪಿಸಿದ ಗ್ನೂ ಯೋಜನೆ ಕೈಪಿಡಿಗಳಿಗೆಂದೇ 2000ದಲ್ಲಿ ಬೇರೊಂದು ಲೈಸೆನ್ಸ್, ಎಫ್‌ಡಿಎಲ್ ತಂದಿತು. ಅದಕ್ಕೂ ಜಿಪಿಎಲ್‌ಗೂ ಹೊಂದಾಣಿಕೆಯಿಲ್ಲ. ಇನ್ನೊಬ್ಬರು ಜಿಪಿಎಲ್ ಅಡಿ ಬರೆದ ಟಿಪ್ಪಣಿಯನ್ನು ಕೈಪಿಡಿಗೆ ಸೇರಿಸಲು ಅವರನ್ನು ಹುಡುಕಿ ಒಪ್ಪಿಗೆ ಪಡೆಯಬೇಕು. ಸಾಲದ್ದಕ್ಕೆ, ಯಾರೂ ತಿದ್ದಬಾರದ ಭಾಗಗಳನ್ನು ಇಟ್ಟುಕೊಳ್ಳಲು ಎಫ್‌ಡಿಎಲ್ ಬಿಡುತ್ತದೆ. ಅಂಥ ಕೈಪಿಡಿ ಸ್ವತಂತ್ರವಲ್ಲ ಎಂದು, ಸ್ವತಂತ್ರ ತಂತ್ರಾಂಶಗಳನ್ನು ಒಟ್ಟುಗೂಡಿಸಿ ಹಂಚುವ ಡೆಬಿಯನ್ ಬಳಗ 2006ರಲ್ಲಿ ಮತ ಹಾಕಿ ತೀರ್ಮಾನಿಸಿತು. ಹಾಗಾಗಿ ಗ್ನೂ ಯೋಜನೆಯ ಪಠ್ಯ ಸಂಪಾದಕ ಈಮ್ಯಾಕ್ಸ್ ಡೆಬಿಯನ್ನಿನ ಮುಖ್ಯ ಭಂಡಾರದಲ್ಲಿ ಉಳಿಯಿತು, ಅದನ್ನು ಕಲಿಸುವ ಕೈಪಿಡಿ ಹೊರಗೆ ಹೋಯಿತು. ಕಲಿಯುವವನಿಗೆ ಇದಕ್ಕಿಂತ ಅನ್ಯಾಯ ಬೇಕೆ? ಎರಡಕ್ಕೂ ಜಿಪಿಎಲ್ ಇದ್ದರೆ ಆ ಗೋಡೆಯೇ ಏಳುವುದಿಲ್ಲ.

ವಿರೋಧ

ತಿದ್ದಬಾರದ ಭಾಗ ಬೇಡವೆಂಬ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಕೈಪಿಡಿ ಪರದೆಯ ಮೇಲಷ್ಟೇ ಇರುವುದಿಲ್ಲ. ಸಕಲೇಶಪುರ, ಆಲೂರಿನ ಬೆಳೆಗಾರರಿಗೆ ಇದೇ ತಂತ್ರಾಂಶ ಕಲಿಸಲು ಹೋಗುವಾಗ ಹಾಸನದ ಜೆರಾಕ್ಸ್ ಅಂಗಡಿಯಲ್ಲಿ 30 ಪ್ರತಿ ತೆಗೆಸಿ, ಪಿನ್ ಹೊಡೆಸಿ ಒಯ್ಯುತ್ತೇನೆ. ಎಂಟೇ ಪುಟ. ಜಿಪಿಎಲ್ ಆದರೆ ಲೈಸೆನ್ಸಿನ ಪೂರ್ಣ ಪಠ್ಯ ಜತೆಗಿರಬೇಕು. ಅದೇ ಕೈಪಿಡಿಗಿಂತ ದಪ್ಪ. ಮೂಲ ಕಡತ ಸಿಗುವ ದಾರಿಯನ್ನೂ ತೋರಿಸಬೇಕು. ನನ್ನಿಂದ ಒಂದು ಪ್ರತಿ ಪಡೆದು ಅಕ್ಕಪಕ್ಕದ ತೋಟದವರಿಗೆ ಜೆರಾಕ್ಸ್ ಮಾಡಿಸಿಕೊಡುವ ಹಿರಿಯರ ತಲೆಗೆ ಇದನ್ನೆಲ್ಲ ಕಟ್ಟುವುದೇ?

ಬರಹ, ಚಿತ್ರಗಳಿಗಾಗಿ ಇರುವ ಲೈಸೆನ್ಸುಗಳಲ್ಲಿ ಒಂದಾದ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್‌ಎ ಆದರೆ ಬರೆದವರ ಹೆಸರು, ಲೈಸೆನ್ಸಿನ ಕೊಂಡಿ, ತಿದ್ದಿದ್ದರೆ ಆ ಸೂಚನೆ: ಕೊನೆಯ ಪುಟದಲ್ಲಿ ಎರಡು ಸಾಲು ಸಾಕು. ವಿಕಿಪೀಡಿಯ 2009ರಲ್ಲಿ ಎಫ್‌ಡಿಎಲ್‌ನಿಂದ ಈ ಕಡೆ ಬಂದದ್ದು ಸುಮ್ಮನೆ ಅಲ್ಲ. 2015ರಿಂದ ಬಿವೈ-ಎಸ್‌ಎ 4.0 ಬರಹವನ್ನು ಜಿಪಿಎಲ್ 3ರ ಕೋಡಿಗೆ ಸೇರಿಸಿಕೊಳ್ಳಬಹುದು. ಕೋಡಿನಿಂದ ಕೈಪಿಡಿಗೆ ಮಾತ್ರ ಆ ದಾರಿಯಿಲ್ಲ. ಅದಕ್ಕೇ ಗೆಳೆಯರಲ್ಲಿ ನನ್ನ ಕೋರಿಕೆ: ಟಿಪ್ಪಣಿ ಕಳಿಸುವವರಿಂದ ಮೊದಲೇ ಎರಡೂ ಲೈಸೆನ್ಸಿಗೆ ಒಪ್ಪಿಗೆ ಪಡೆದುಬಿಡಿ. ಆಗ ಆ 25.4ರ ಸಾಲು ಎರಡೂ ಕಡೆ ಇರಲಿ, ಬೆಳೆಗಾರರ ಕೈಯಲ್ಲಿ ಎಂಟೇ ಪುಟ ಇರಲಿ.