ದವಡೆ ಮುರಿದ ಮೇಲೆ ಕುಂಬ್ಳೆ ಎಲ್ಲಿಗೆ ಹೋದರು?

ಇವತ್ತು ಆಫೀಸಲ್ಲಿ ಊಟ ಮುಗಿದು ಕಣ್ಣು ಎಳೆಯೋ ಹೊತ್ತಿಗೆ ಕರೆಸಿ ಕೂರಿಸಿ, 'ಸೋಲನ್ನು ಅಪ್ಪಿಕೊಳ್ಳಿ' ಅಂತ ಒಂದೂವರೆ ಗಂಟೆ ಭಾಷಣ ಕೇಳಿಸಿದರು. ಅಪ್ಪಿಕೊಳ್ಳೋಕೆ ಅದೇನು ನೆಂಟರಾ? ಮಾತಾಡಿದ ಮಹಾನುಭಾವರ ಶೂ ಫಳಫಳ ಅಂತಿತ್ತು. ಯಾವತ್ತೂ ಗುಂಡಿಗೆ ಇಳಿದ ಶೂ ಅಲ್ಲ. ಬೆಂಗಳೂರಲ್ಲಿ ಅದೂ ಒಂದು ಸಾಧನೆಯೇ ಬಿಡಿ.

ಪರದೆ ಮೇಲೆ ಅದೇ ಫೋಟೋ. 2002, ಆಂಟಿಗಾ, ತಲೆಯಿಂದ ಗದ್ದದವರೆಗೆ ಬ್ಯಾಂಡೇಜ್ ಸುತ್ತಿಕೊಂಡ ನಮ್ಮ ಅನಿಲ್ ಕುಂಬ್ಳೆ. ಮುರಿದ ದವಡೆಯಲ್ಲೇ 14 ಓವರ್ ಹಾಕಿ ವೆಸ್ಟ್ ಇಂಡೀಸ್ ಬ್ಯಾಟ್ಸ್‌ಮನ್ ಲಾರಾನ ಔಟ್ ಮಾಡಿದ್ದು. ನನಗೂ ಮೈ ಜುಮ್ ಅನ್ನುತ್ತೆ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ? ಮುಂದಿನ ಟೆಸ್ಟ್ ಬಿಟ್ಟು ಆಪರೇಷನ್‌ಗೆ ಅಂತ ಊರಿಗೆ ವಿಮಾನ ಹತ್ತಿದರು ಸ್ವಾಮಿ! ಆ ಫೋಟೋ ಮಾತ್ರ ಯಾರೂ ಹಾಕಲ್ಲ.

ನನ್ನ ಜೆರಾಕ್ಸ್ ಅಂಗಡಿ ಕಥೆ ನಿಮಗೆಲ್ಲ ಗೊತ್ತೇ ಇದೆ. 2020ರ ಮಾರ್ಚಲ್ಲಿ ಎಳೆದ ಷಟರ್ ಮತ್ತೆ ನೆಟ್ಟಗೆ ಮೇಲೇಳಲಿಲ್ಲ. ಕಾಲೇಜೇ ಮುಚ್ಚಿದ ಮೇಲೆ ಜೆರಾಕ್ಸ್ ಯಾರಿಗೆ ಬೇಕು? ಅಡ್ವಾನ್ಸೆಲ್ಲ ಬಾಡಿಗೆಗೆ ವಜಾ ಆಯ್ತು, ಮೆಷಿನ್ ಗುಜರಿಗೆ ಹೋಯ್ತು. ಗುಜರಿಯವನು ಮೇಲಿನ ಗಾಜು ಬಿಚ್ಚಿ ಮೆಟ್ಟಿಲ ಮೇಲಿಟ್ಟು, "ಇದು ನಿಮ್ಗೇ ಇರ್ಲಿ ಸಾರ್, ದುಡ್ಡು ಬರಲ್ಲ" ಅಂದ. ಇವತ್ತಿಗೂ ಅದು ಅಟ್ಟದ ಮೇಲಿದೆ.

ಹಾಗಾದ್ರೆ ಏನೂ ಕಲೀಲಿಲ್ವಾ ಅಂತೀರಾ? ಕಲಿತೆ. ಅಗ್ರಿಮೆಂಟ್ ಪೂರ್ತಿ ಓದಬೇಕು, ಉದ್ರಿ ಕೊಡಬಾರದು. ಯಾವ ವಕೀಲರಾದ್ರೂ ಐನೂರು ರೂಪಾಯಿಗೆ ಹೇಳ್ತಿದ್ರು ಇದನ್ನ. ನಾನು ಎದ್ದು ಕೂತಿದ್ದು ಭಾವನಿಂದ. ಐದು ತಿಂಗಳು ನಮ್ಮ ಮನೆ ಬಾಡಿಗೆ ಅವರೇ ಕಟ್ಟಿದರು. ಒಂದೇ ಒಂದು ಸಲಾನೂ ಬುದ್ಧಿ ಹೇಳಲಿಲ್ಲ. ಹೇಳಿದ್ರೆ ಬಹುಶಃ ಮುಖ ತಪ್ಪಿಸಿಕೊಂಡು ಓಡಾಡ್ತಿದ್ದೆ. ಬಿದ್ದವನಿಗೆ ಪಾಠ ಹತ್ತೋದು ಮೊದಲು ಹೊಟ್ಟೆಗೆ ಏನಾದ್ರೂ ಬಿದ್ದ ಮೇಲೆ.

ಈಗ ನಾಚಿಕೆಗೇಡಿನ ವಿಷಯ. ಅದೇ ಭಾವನ ಮಗನಿಗೆ ಸೆಕೆಂಡ್ ಪಿಯುಸಿ ಮ್ಯಾತ್ಸ್ ಹೋಗಿದೆ. ಹೋದ ಭಾನುವಾರ ಅವನನ್ನ ಎದುರಿಗೆ ಕೂರಿಸ್ಕೊಂಡು ಮುಕ್ಕಾಲು ಗಂಟೆ ಕೊರೆದೆ. ಸೋಲೇ ಗೆಲುವಿನ ಮೆಟ್ಟಿಲು, ಇತ್ಯಾದಿ. ಕುಂಬ್ಳೆಯನ್ನೂ ಬಿಡಲಿಲ್ಲ! ಹುಡುಗ ಟೇಬಲ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೆರೀತಾ ಎಲ್ಲ ಕೇಳಿಸ್ಕೊಂಡು, "ಮಾಮ, ನಿಮಗೆ ಇಂಟಿಗ್ರೇಶನ್ ಬರುತ್ತಾ?" ಅಂದ.

ಬರಲ್ಲ.

ಸರ್ಕಾರಕ್ಕಿರೋ ಬುದ್ಧಿ ನನಗಿಲ್ಲ. ಅದು ಭಾಷಣ ಮಾಡದೆ, ಹೋದ ಸಬ್ಜೆಕ್ಟ್ ಮತ್ತೆ ಬರೆಯೋಕೆ 'ಪರೀಕ್ಷೆ-2' ಅಂತ ಒಂದು ದಾರಿ ಬಿಟ್ಟಿದೆ. ಇವತ್ತು ಆ ಶೂ ನೋಡ್ತಾ ಕೂತಾಗ ನನಗೆ ಸಿಟ್ಟು ಬಂದಿದ್ದು ಯಾರ ಮೇಲೆ ಅಂತ ಮನೆಗೆ ಬರೋವಾಗ ಬಸ್ಸಲ್ಲಿ ಹೊಳೀತು.

ನಾಳೆ ಸಂಜೆ ಅಯ್ಯಂಗಾರ್ ಬೇಕರಿಯಿಂದ ನಾಲ್ಕು ಖಾರಾ ಬನ್ ಕಟ್ಟಿಸ್ಕೊಂಡು ಹೋಗ್ತೀನಿ. ಬಾಯಿ ಮುಚ್ಕೊಂಡಿರ್ತೀನಿ. ಹನುಮಂತನಗರ, ಶ್ರೀನಗರದ ಕಡೆ ಪಿಯು ಮ್ಯಾತ್ಸ್ ಚೆನ್ನಾಗಿ ಹೇಳಿಕೊಡೋರು ಯಾರಾದ್ರೂ ಗೊತ್ತಿದ್ರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಫೀಸು ನಾನು ಕೊಡ್ತೀನಿ, ಭಾವನಿಗೆ ಹೇಳಬೇಡಿ.