ಸೋಲಿಗರ ಬೆಂಕಿ ನಮ್ಮ ಮಡ್ಡಿಗೆ ಬೇಡ

ಬೇಸಿಗೆ ಹತ್ತಿರ ಬಂದರೆ ನಮ್ಮ ಬೀಳಗಿ, ಮುಧೋಳ ಕಡೆ ಒಂದು ಮಾತು ಕೇಳುತ್ತದೆ: "ಕರಡ ಸುಟ್ರ ಮುಂದಿನ ಸಲ ಹುಲ್ಲು ಚಲೋ ಬರ್ತದ." ಕರಡ ಅಂದರೆ ಒಣಗಿ ನಿಂತ ಹುಲ್ಲು. ಈಗೀಗ ಓದಿದವರೂ ಇದಕ್ಕೆ ದನಿಗೂಡಿಸುತ್ತಿದ್ದಾರೆ. ಕಾಡಿಗೆ ಸಣ್ಣ ಬೆಂಕಿ ಬೇಕು, ಕಾಡಿನಲ್ಲೇ ಬಾಳುವ ಸೋಲಿಗ ಬುಡಕಟ್ಟಿನವರನ್ನು ನೋಡಿ ಅಂತಾರೆ.

ಸೋಲಿಗರ ಮಾತು ಸುಳ್ಳಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಅವರು ಬೇಸಿಗೆಯ ಆರಂಭದಲ್ಲೇ 'ತರಗು ಬೆಂಕಿ' ಹಾಕುತ್ತಿದ್ದರು. ನೆಲದ ಮೇಲಷ್ಟೇ ಹರಿದು ಹೋಗುವ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಎಂಬ ಕಳೆ ಪೊದೆ ಕಾಡು ತುಂಬಿತು ಎಂಬ ಅವರ ದೂರನ್ನು ನಾನಂತೂ ನಂಬುತ್ತೇನೆ.

ಆದರೆ ನಮ್ಮ ಕಡೆಯ ಯಡಹಳ್ಳಿ ಮಡ್ಡಿ ಬೇರೆ, ಆ ಬೆಟ್ಟ ಬೇರೆ. 2016ರಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆಯ ಧಾಮವಾದ ಈ ಜಾಗ ಸುಮಾರು 96 ಚದರ ಕಿಲೋಮೀಟರ್ ಅಷ್ಟೇ. ಕಲ್ಲು, ಕುರುಚಲು, ಹುಲ್ಲು. ಹೊರಗಿನವರಿಗೆ ಕಾಡು ಅಂತ ಅನಿಸೋದೇ ಇಲ್ಲ! ಚಿಂಕಾರ ದಿನಗಟ್ಟಲೆ ನೀರು ಕುಡಿಯದೆ ಇರಬಲ್ಲದು. ತಿನ್ನುವ ಸೊಪ್ಪಿನಲ್ಲಿ, ಅದರ ಮೇಲಿನ ಇಬ್ಬನಿಯಲ್ಲಿ ನೀರು ಸಿಗುತ್ತದೆ. ಮಾರ್ಚ್‌ನಲ್ಲಿ ಸುಟ್ಟರೆ ಆ ಸೊಪ್ಪೂ ಹೋಯಿತು. ಮಿರಗದ ಮಳೆ ಬೀಳುವ ತನಕ ಅದು ಏನು ತಿನ್ನಬೇಕು? ತಾಯಿ ಮರಿಯನ್ನು ಪೊದೆಯಲ್ಲಿ ಬಿಟ್ಟು ಮೇಯಲು ಹೋಗುತ್ತದೆ. ಮರಿ ಮಿಸುಕಾಡದೆ ಮಲಗಿರುತ್ತದೆ. ತೋಳದ ಕಣ್ಣು ತಪ್ಪಿಸಲು ಈ ಉಪಾಯ ನಡೆಯುತ್ತದೆ, ಬೆಂಕಿಗೆ ನಡೆಯಲ್ಲ. ಗೌಜಲಹಕ್ಕಿ ಮೊಟ್ಟೆ ಇಡುವುದೂ ನೆಲದ ಮೇಲೆಯೇ ಅಲ್ವಾ?

ಹಾಗಂತ ಕಡ್ಡಿಯನ್ನೇ ಗೀರಬೇಡಿ ಎನ್ನುತ್ತಿಲ್ಲ. ಬೆಂಕಿ ದಾಟದಂತೆ ಮೊದಲೇ ಬೋಳು ಮಾಡಿಟ್ಟ ಪಟ್ಟಿ, ಅಂದರೆ ಬೆಂಕಿ ರೇಖೆ, ಬೇಕೇ ಬೇಕು. ದಾರಿಯ ಎರಡೂ ಬದಿ ಹುಲ್ಲು ಕೊಯ್ದು, ಉಳಿದ ಕೂಳೆಯನ್ನು ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಸುಡಬೇಕು. ಪಕ್ಕದಲ್ಲಿ ಹಸಿ ಟೊಂಗೆ ಹಿಡಿದವರು ನಿಂತಿರಬೇಕು, ಕಿಡಿ ಹಾರಿದರೆ ಅಲ್ಲೇ ಬಡಿಯಲು. ಆಮೇಲೆ ಯಾರೋ ಎಸೆದ ಬೀಡಿ ತುಂಡು ಹೊತ್ತಿಕೊಂಡರೂ ಆ ಪಟ್ಟಿ ದಾಟುವುದು ಕಷ್ಟ. ಇದೆಲ್ಲ ಜನವರಿ ಒಳಗೇ ಮುಗಿಯಬೇಕು. ಬಿಲ್ಲು ಪಾಸಾಗಲಿ ಅಂತ ಫೆಬ್ರುವರಿ ಕೊನೆಯವರೆಗೆ ಕಾದರೆ ರೇಖೆ ಸುಡಲು ಹೋದವರೇ ಗುಡ್ಡ ಸುಟ್ಟು ಬಂದಾರು.

ಇನ್ನು ಬೆಂಕಿ ಬಿದ್ದಾಗಲೆಲ್ಲ ಕುರಿಗಾರರನ್ನು ಬೈಯುವುದು ಸುಲಭ. ಸುಮ್ನೆ ಬೈದು ಏನು ಬಂತು? ಹೊಗೆ ಎದ್ದರೆ ಮೊದಲು ಕಾಣುವುದು ಅವರಿಗೇ. ರೇಖೆಗೆ ಕೊಯ್ದ ಕರಡ ಅವರೇ ಒಯ್ಯಲಿ. ಬದಲಿಗೆ ಬೇಸಿಗೆ ಮುಗಿಯುವ ತನಕ ಕಾವಲು ಕಾಯಲಿ, ಅದಕ್ಕೆ ಕೂಲಿಯನ್ನೂ ಕೊಡಿ. ಕೊಡುವುದಾದರೆ ತಿಂಗಳು ತಿಂಗಳು ಕೊಡಿ, ಮುಂದಿನ ದೀಪಾವಳಿಗಲ್ಲ.